ಚಿಕ್ಕಮಗಳೂರಿನಿಂದ ಉಡುಪಿ-ಚಿಕ್ಕಮಗಳೂರಿಗೆ: ನಮ್ಮ ಲೋಕಸಭಾ ಕ್ಷೇತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚುನಾವಣೆ ಹತ್ತಿರ ಬಂದಾಗಲೆಲ್ಲ ಕೊಪ್ಪದ ಹೋಟೆಲಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಬೆಂಗಳೂರಿನ ನೆಂಟರ ಫೋನಿನಲ್ಲಿ ಇವೇ ಪ್ರಶ್ನೆಗಳು ಬರುತ್ತವೆ. ಕೆಲವರು ಪತ್ರ ಬರೆದೂ ಕೇಳಿದ್ದಾರೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಬೇಕಾದ್ದನ್ನಷ್ಟೇ ಓದಿಕೊಳ್ಳಬಹುದು.

## ಮೊದಲು ಸುಲಭದ್ದು

ಕ್ಷೇತ್ರದ ಹೆಸರು ಚಿಕ್ಕಮಗಳೂರೋ, ಉಡುಪಿಯೋ? ಟೀವಿಯಲ್ಲಿ ಎರಡೂ ಹೇಳ್ತಾರೆ.

ಈಗ ಉಡುಪಿ-ಚಿಕ್ಕಮಗಳೂರು. 1967ರಿಂದ 2004ರ ಚುನಾವಣೆಯವರೆಗೆ ಚಿಕ್ಕಮಗಳೂರು ಬೇರೆ ಕ್ಷೇತ್ರ, ಉಡುಪಿ ಬೇರೆ ಕ್ಷೇತ್ರ. 2001ರ ಜನಗಣತಿ ಹಿಡಿದು ಮಾಡಿದ ಕ್ಷೇತ್ರ ಮರುವಿಂಗಡಣೆ 2008ರಲ್ಲಿ ಜಾರಿಗೆ ಬಂತು. ಆಗ ಎರಡನ್ನೂ ಕತ್ತರಿಸಿ, ಉಳಿದ ತುಂಡುಗಳನ್ನು ಸೇರಿಸಿ ಹೊಲಿದರು. ಹೊಲಿಗೆ ಬಿದ್ದದ್ದು ಪಶ್ಚಿಮ ಘಟ್ಟದ ಮೇಲೆಯೇ. ಹೊಸ ಕ್ಷೇತ್ರದ ಮೊದಲ ಚುನಾವಣೆ 2009ರದ್ದು.

ಯಾವ್ಯಾವ ವಿಧಾನಸಭಾ ಕ್ಷೇತ್ರ ಬರುತ್ತೆ?

ಒಟ್ಟು 8. ಘಟ್ಟದ ಕೆಳಗೆ ಕುಂದಾಪುರ, ಉಡುಪಿ, ಕಾಪು, ಕಾರ್ಕಳ. ಘಟ್ಟದ ಮೇಲೆ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ. ಮೂಡಿಗೆರೆ ಪರಿಶಿಷ್ಟ ಜಾತಿಗೆ ಮೀಸಲು. ಲೋಕಸಭಾ ಕ್ಷೇತ್ರಕ್ಕೆ ಮೀಸಲಾತಿ ಇಲ್ಲ. ಮತದಾರರು 15 ಲಕ್ಷಕ್ಕೂ ಜಾಸ್ತಿ. ಉಡುಪಿ, ಚಿಕ್ಕಮಗಳೂರು ಪಟ್ಟಣಗಳನ್ನು ಬಿಟ್ಟರೆ ಉಳಿದದ್ದೆಲ್ಲ ತೋಟ, ಗದ್ದೆ, ಕಾಡು, ಕಡಲ ತೀರ.

ನಾನು ಕಡೂರಿನವ. ಜಿಲ್ಲೆ ಚಿಕ್ಕಮಗಳೂರು, ಆದ್ರೆ ವೋಟು ಹಾಸನದ ಎಂಪಿಗೆ. ಇದ್ಯಾವ ಲೆಕ್ಕ?

ಜನಸಂಖ್ಯೆಯ ಲೆಕ್ಕ. ಒಂದು ಲೋಕಸಭಾ ಕ್ಷೇತ್ರಕ್ಕೆ ಇಲ್ಲಿ 8 ವಿಧಾನಸಭಾ ಕ್ಷೇತ್ರ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಈಗ ಇರುವುದು 5, ಉಡುಪಿ ಜಿಲ್ಲೆಯಲ್ಲೂ 5. ಹಾಗಾಗಿ ಕಡೂರನ್ನು ಹಾಸನಕ್ಕೂ ಬೈಂದೂರನ್ನು ಶಿವಮೊಗ್ಗಕ್ಕೂ ಕೊಟ್ಟರು. ಅದೇ ಮರುವಿಂಗಡಣೆಯಲ್ಲಿ ಬೀರೂರು ಮತ್ತು ಬ್ರಹ್ಮಾವರ ಎಂಬ ಎರಡು ವಿಧಾನಸಭಾ ಕ್ಷೇತ್ರಗಳೇ ಮಾಯವಾದವು. ಹಿಂದೆ ಇದರ ಉಲ್ಟಾ ಇತ್ತು. ದಕ್ಷಿಣ ಕನ್ನಡದ ಬೆಳ್ತಂಗಡಿಯವರು ಚಿಕ್ಕಮಗಳೂರಿನ ಎಂಪಿಗೆ ವೋಟು ಹಾಕುತ್ತಿದ್ದರು. ನಿಮ್ಮ ಸಿಟ್ಟು ಹೊಸದೇನಲ್ಲ, ಅವರೂ ಇದನ್ನೇ ಕೇಳುತ್ತಿದ್ದರು.

ಇಲ್ಲಿಂದ ಗೆದ್ದವರನ್ನೆಲ್ಲ ಒಂದೇ ಉಸಿರಲ್ಲಿ ಹೇಳ್ತೀರಾ?

ಪ್ರಯತ್ನ ಮಾಡ್ತೇನೆ. ಹಳೇ ಚಿಕ್ಕಮಗಳೂರಿನಲ್ಲಿ 1967ಕ್ಕೆ ಪ್ರಜಾ ಸೋಷಲಿಸ್ಟ್ ಪಕ್ಷದ (ಪಿಎಸ್‌ಪಿ) ಎಂ. ಹುಚ್ಚೇಗೌಡ. 1971 ಮತ್ತು 1977ಕ್ಕೆ ಕಾಂಗ್ರೆಸ್ಸಿನ ಡಿ.ಬಿ. ಚಂದ್ರೇಗೌಡ. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ. ಆಮೇಲೆ ಕಾಂಗ್ರೆಸ್ಸಿನ ಇಬ್ಬರು ಸರದಿ ಹಿಡಿದಂತೆ ಬಂದರು: 1980ಕ್ಕೆ ಡಿ.ಎಂ. ಪುಟ್ಟೇಗೌಡ, 1984ಕ್ಕೆ ಡಿ.ಕೆ. ತಾರಾದೇವಿ, 1989ಕ್ಕೆ ಮತ್ತೆ ಪುಟ್ಟೇಗೌಡ, 1991ಕ್ಕೆ ಮತ್ತೆ ತಾರಾದೇವಿ. 1996ಕ್ಕೆ ಜನತಾ ದಳದ ಬಿ.ಎಲ್. ಶಂಕರ್. 1998, 1999, 2004 ಮೂರೂ ಬಿಜೆಪಿಯ ಡಿ.ಸಿ. ಶ್ರೀಕಂಠಪ್ಪ.

ಹೊಸ ಕ್ಷೇತ್ರದಲ್ಲಿ 2009ಕ್ಕೆ ಬಿಜೆಪಿಯ ಡಿ.ವಿ. ಸದಾನಂದ ಗೌಡ, 2012ರ ಉಪಚುನಾವಣೆಗೆ ಕಾಂಗ್ರೆಸ್ಸಿನ ಕೆ. ಜಯಪ್ರಕಾಶ್ ಹೆಗ್ಡೆ, 2014 ಮತ್ತು 2019ಕ್ಕೆ ಬಿಜೆಪಿಯ ಶೋಭಾ ಕರಂದ್ಲಾಜೆ, 2024ಕ್ಕೆ ಬಿಜೆಪಿಯ ಕೋಟ ಶ್ರೀನಿವಾಸ ಪೂಜಾರಿ.

ಇದರಲ್ಲಿ ಮೂವರು ಹೆಂಗಸರು ಇದ್ದಾರೆ, ಗಮನಿಸಿದಿರಾ? ಕರ್ನಾಟಕದಲ್ಲಿ ಇದು ಅಪರೂಪ.

ಹಳೇ ಉಡುಪಿ ಕ್ಷೇತ್ರದ ಕತೆ ಏನು?

ಅದೂ ಸಣ್ಣದಲ್ಲ. 1967ಕ್ಕೆ ಸ್ವತಂತ್ರ ಪಕ್ಷದ ಜೆ.ಎಂ. ಲೋಬೊ ಪ್ರಭು ಗೆದ್ದಿದ್ದರು. 1977ಕ್ಕೆ ಟಿ.ಎ. ಪೈ. 1980ರಿಂದ 1996ರವರೆಗೆ ಐದು ಸಲ ಸಾಲಾಗಿ ಆಸ್ಕರ್ ಫರ್ನಾಂಡಿಸ್. 1998ಕ್ಕೆ ಬಿಜೆಪಿಯ ಐ.ಎಂ. ಜಯರಾಮ ಶೆಟ್ಟಿ, 1999ಕ್ಕೆ ಕಾಂಗ್ರೆಸ್ಸಿನ ವಿನಯಕುಮಾರ್ ಸೊರಕೆ, 2004ಕ್ಕೆ ಬಿಜೆಪಿಯ ಮನೋರಮಾ ಮಧ್ವರಾಜ್. ಕೊನೆಯ ಮೂರು ಚುನಾವಣೆ ಆ ಕಡೆ ಈ ಕಡೆ ತೂಗಿದವು. ಅದೇ ಹೊತ್ತಿನಲ್ಲಿ ಘಟ್ಟದ ಮೇಲೆ ಬಿಜೆಪಿ ಮೂರಕ್ಕೆ ಮೂರೂ ಗೆದ್ದಿತ್ತು. ಉಡುಪಿ ಕಡೆಯೇ ಬಿಜೆಪಿ ಗಟ್ಟಿ ಎಂದುಕೊಂಡಿರುವ ಈಗಿನವರಿಗೆ ಇದು ತಲೆಕೆಳಗಾಗಿ ಕಾಣಬಹುದು.

## 1978

ಇಂದಿರಾ ಗಾಂಧಿ ಅಷ್ಟು ದೂರದಿಂದ ಚಿಕ್ಕಮಗಳೂರಿಗೇ ಯಾಕೆ ಬಂದ್ರು?

1977ರಲ್ಲಿ ಅವರು ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಎದುರು ಸೋತಿದ್ದರು. ಉತ್ತರದಲ್ಲಿ ಕಾಂಗ್ರೆಸ್ ಗುಡಿಸಿಹೋಗಿತ್ತು. ಆದರೆ ಕರ್ನಾಟಕದಲ್ಲಿ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಬಂದಿತ್ತು. 1978ರ ಆರಂಭದಲ್ಲಿ ಪಕ್ಷ ಒಡೆಯಿತು. ಹಸು-ಕರುವಿನ ಗುರುತು ಹೋಗಿ 'ಕೈ' ಬಂತು. ಆ ಹೊಸ ಕೈ ಗುರುತಿನಲ್ಲೇ ದೇವರಾಜ ಅರಸು ವಿಧಾನಸಭೆ ಗೆದ್ದು ಮತ್ತೆ ಮುಖ್ಯಮಂತ್ರಿಯಾದರು. ಲೋಕಸಭೆಗೆ ವಾಪಸ್ ಹೋಗಬೇಕು ಅಂದರೆ ಇದಕ್ಕಿಂತ ಭದ್ರವಾದ ಜಾಗ ಇಂದಿರಾಗೆ ಇರಲಿಲ್ಲ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು.

ಇಷ್ಟು ಮೇಲಿನವರ ಲೆಕ್ಕ. ಕೆಳಗಿನ ಲೆಕ್ಕ ಬೇರೆ ಇತ್ತು, ನನಗೆ ಅದೇ ಮುಖ್ಯ ಅನ್ನಿಸುತ್ತದೆ. 1974ರ ಭೂಸುಧಾರಣೆ ಕಾಯ್ದೆ ಬಂದ ಮೇಲೆ ಮಲೆನಾಡಿನಲ್ಲೂ ಕರಾವಳಿಯಲ್ಲೂ ಗೇಣಿದಾರರು ಡಿಕ್ಲರೇಷನ್ (ತಾವು ಉಳುವ ಜಾಗ ತಮಗೇ ಕೊಡಿ ಎಂಬ ಅರ್ಜಿ) ಹಾಕಿ ಭೂನ್ಯಾಯ ಮಂಡಳಿಯ ಮುಂದೆ ನಿಂತಿದ್ದರು. ಇಂದಿಗೂ ನಮ್ಮ ಕಡೆ 'ಇದು ಡಿಕ್ಲರೇಷನ್ ಆದ ಜಾಗ' ಅಂತಲೇ ಗದ್ದೆಯ ಗುರುತು ಹೇಳುತ್ತಾರೆ. ಜಾಗ ಸಿಕ್ಕವರಿಗೆ ಅರಸು ಯಾರೆಂದು ಗೊತ್ತಿತ್ತು. ಅರಸು ಕರೆತಂದ 'ಇಂದಿರಮ್ಮ' ಯಾರೆಂದೂ ಗೊತ್ತಿತ್ತು. ಜಾಗ ಕಳೆದುಕೊಂಡವರಿಗೂ ಗೊತ್ತಿತ್ತು, ಅವರು ಬೇರೆ ಕಡೆ ಒತ್ತಿದರು.

ಆ ಚುನಾವಣೆ ನಿಜವಾಗಿ ಹೇಗಿತ್ತು? ಎಷ್ಟು ಅಂತರದಲ್ಲಿ ಗೆದ್ರು?

ಮತದಾನ 1978ರ ನವೆಂಬರ್ 5ಕ್ಕೆ. ಎದುರು ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು. ಅವರೂ ಮುಖ್ಯಮಂತ್ರಿಯಾಗಿದ್ದವರು, ಸಣ್ಣ ಆಳಲ್ಲ. ಜನತಾ ಪಕ್ಷದ ಪರ ಜಾರ್ಜ್ ಫರ್ನಾಂಡಿಸ್ ಬಂದು ಓಡಾಡಿದರು. ಆಗ ಅವರು ಕೇಂದ್ರ ಸಚಿವರು, ಮೇಲಾಗಿ ಮಂಗಳೂರಿನವರು. 'ಏಕ್ ಶೇರ್ನಿ ಸೌ ಲಂಗೂರ್, ಚಿಕ್ಕಮಗಳೂರ್ ಚಿಕ್ಕಮಗಳೂರ್' ಅನ್ನೋ ಘೋಷಣೆ ಹುಟ್ಟಿದ್ದು ಆಗಲೇ. ಒಂದು ಸಿಂಹಿಣಿ, ನೂರು ಮಂಗ ಅಂತ ಅರ್ಥ. ಹಿಂದಿ ಗೊತ್ತಿಲ್ಲದ ಊರಿನ ಹೆಸರಲ್ಲಿ ಹಿಂದಿಯ ಘೋಷಣೆ! ಪ್ರಾಸಕ್ಕೆ ನಮ್ಮ ಊರು ಸರಿಯಾಗಿ ಕೂತಿತು, ಅಷ್ಟೇ.

ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು.

ನಮ್ಮ ಚಿಕ್ಕಜ್ಜಿ ಅವರನ್ನು ನೋಡಲು ರಸ್ತೆ ಬದಿಯಲ್ಲಿ ಬೆಳಿಗ್ಗೆಯಿಂದ ನಿಂತಿದ್ದರಂತೆ. ಏನು ಭಾಷಣ ಮಾಡಿದರು ಅಂತ ಕೇಳಿದರೆ ಒಂದು ಮಾತೂ ನೆನಪಿರಲಿಲ್ಲ. 'ಸೆರಗು ತಲೆ ಮೇಲಿತ್ತು. ಮುಂದಲೆಯಲ್ಲಿ ಒಂದು ಬಿಳಿ ಪಟ್ಟೆ, ಸುಣ್ಣ ಬಳಿದ ಹಾಗೆ' ಅನ್ನುತ್ತಿದ್ದರು. ಕಾರು ಹೋದ ಮೇಲೆ ಎಲ್ಲರೂ ಕೆಸರಲ್ಲಿ ಚಪ್ಪಲಿ ಹುಡುಕುತ್ತಿದ್ದರಂತೆ.

ವೀರೇಂದ್ರ ಪಾಟೀಲರ ಬದಲು ಡಾ. ರಾಜ್‌ಕುಮಾರ್ ನಿಲ್ಲಬೇಕಿತ್ತಂತೆ, ಹೌದಾ?

ಈ ಮಾತನ್ನು ಬಹಳ ಜನ ಹೇಳುತ್ತಾರೆ. ಒತ್ತಾಯ ತಪ್ಪಿಸಿಕೊಳ್ಳಲು ಅವರು ಕೈಗೆ ಸಿಗದೆ ಉಳಿದರು ಎಂದೂ ಸೇರಿಸುತ್ತಾರೆ. ಇಷ್ಟಂತೂ ಖಚಿತ: ಅವರು ಚಿಕ್ಕಮಗಳೂರಿನಲ್ಲಿ ನಿಲ್ಲಲಿಲ್ಲ, ಮುಂದೆಯೂ ಯಾವ ಚುನಾವಣೆಗೂ ನಿಲ್ಲಲಿಲ್ಲ.

ಇಂದಿರಾ ಎಷ್ಟು ವರ್ಷ ನಮ್ಮ ಎಂಪಿ ಆಗಿದ್ರು?

ವರ್ಷ ಅಲ್ಲ, ಸುಮಾರು ಒಂದೂವರೆ ತಿಂಗಳು. ಇದನ್ನು ಕೇಳಿ ತುಂಬಾ ಜನ ನಂಬುವುದಿಲ್ಲ. ಹಿಂದೆ ಪ್ರಧಾನಿಯಾಗಿದ್ದಾಗ, ಮಗ ಸಂಜಯ್ ಗಾಂಧಿಯ ಮಾರುತಿ ಕಂಪನಿ ಬಗ್ಗೆ ಸಂಸತ್ತಿಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಅಡ್ಡಿ ಮಾಡಿದರು ಎಂಬ ಆರೋಪದ ಮೇಲೆ ಹಕ್ಕುಚ್ಯುತಿಯ ತನಿಖೆ ನಡೆದಿತ್ತು. 1978ರ ಡಿಸೆಂಬರ್ 19ಕ್ಕೆ ಲೋಕಸಭೆ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಜೈಲಿಗೂ ಕಳಿಸಿತು. ಮರುದಿನ ಇಬ್ಬರು ಬೆಂಬಲಿಗರು ಲಕ್ನೋದಿಂದ ದೆಹಲಿಗೆ ಹೊರಟಿದ್ದ ವಿಮಾನವನ್ನು ಆಟಿಕೆ ಪಿಸ್ತೂಲು ತೋರಿಸಿ ಅಪಹರಿಸಿದರು. ಬಿಡುಗಡೆ ಮಾಡಿ ಅನ್ನೋದು ಬೇಡಿಕೆ. ಇಂದಿರಾಗೆ ಓಟು ಹಾಕಿದ್ದ ಚಿಕ್ಕಮಗಳೂರಿನವರು ಕಾಫಿ ಕೊಯ್ಲಿನಲ್ಲಿದ್ದರು.

1981ರಲ್ಲಿ ಹೊಸ ಲೋಕಸಭೆ ಆ ಉಚ್ಚಾಟನೆಯ ನಿರ್ಣಯವನ್ನು ರದ್ದು ಮಾಡಿತು. ಅಷ್ಟು ಹೊತ್ತಿಗೆ ಇಂದಿರಾ ಮತ್ತೆ ಪ್ರಧಾನಿ. 1980ರಲ್ಲಿ ಅವರು ನಿಂತದ್ದು ರಾಯ್‌ಬರೇಲಿ ಮತ್ತು ಮೇದಕ್‌ನಲ್ಲಿ. ನಮ್ಮಲ್ಲಿಗೆ ತಿರುಗಿ ಬರಲಿಲ್ಲ. ಅವರ ರಾಜಕೀಯದಲ್ಲಿ ಚಿಕ್ಕಮಗಳೂರು ಒಂದು ತಂಗುದಾಣ. ನಮ್ಮಲ್ಲಿ ಮಾತ್ರ 45 ವರ್ಷ ದಾಟಿದರೂ ಅದೇ ಕತೆ.

ಸೀಟು ಬಿಟ್ಟುಕೊಟ್ಟ ಚಂದ್ರೇಗೌಡರಿಗೆ ಆಮೇಲೆ ಏನಾಯ್ತು? ಎದುರು ನಿಂತ ಪಾಟೀಲರು?

ಮೂಡಿಗೆರೆಯ ದಾರದಹಳ್ಳಿಯ ಚಂದ್ರೇಗೌಡರು ಅರಸು ಸರ್ಕಾರದಲ್ಲಿ ಮಂತ್ರಿಯಾದರು, ಮುಂದೆ ವಿಧಾನಸಭೆಯ ಸ್ಪೀಕರ್ ಆದರು. ಲೋಕಸಭೆ, ರಾಜ್ಯಸಭೆ, ವಿಧಾನಸಭೆ, ವಿಧಾನ ಪರಿಷತ್ತು ನಾಲ್ಕರಲ್ಲೂ ಕೂತು ಬಂದವರು. 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದ ಎಂಪಿ ಆದರು. 2023ರ ನವೆಂಬರ್‌ನಲ್ಲಿ ತೀರಿಕೊಂಡರು.

ವೀರೇಂದ್ರ ಪಾಟೀಲರು ಯಾರೆದುರು ಸೋತಿದ್ದರೋ ಅವರ ಪಕ್ಷಕ್ಕೇ ಹೋಗಿ, ಅವರ ಸಂಪುಟದಲ್ಲೇ ಮಂತ್ರಿಯಾದರು. 1989ರಲ್ಲಿ ಕಾಂಗ್ರೆಸ್ ಮುಖ್ಯಮಂತ್ರಿಯೂ ಆದರು. ಇವರಿಬ್ಬರ ದಾರಿ ನೋಡಿದ ಮೇಲೆ, ಪಕ್ಷಾಂತರ ಈಗಿನ ರೋಗ ಅಂತ ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ.

## ಕೈಯಿಂದ ಕಮಲಕ್ಕೆ

ಕಾಂಗ್ರೆಸ್ ಭದ್ರಕೋಟೆ ಅಂತಿದ್ರಲ್ಲ, ಯಾವಾಗ ಒಡೀತು?

ಮೊದಲ ವಿಷಯ, ಶುರುವಿನಲ್ಲೇ ಅದು ಕೋಟೆ ಆಗಿರಲಿಲ್ಲ. 1967ರ ಮೊದಲ ಗೆಲುವು ಪಿಎಸ್‌ಪಿಯದು. 1971ರಿಂದ 1991ರವರೆಗೆ, ಉಪಚುನಾವಣೆ ಸೇರಿ ಏಳು ಸಲ ಸಾಲಾಗಿ ಕಾಂಗ್ರೆಸ್. ಕೋಟೆ ಅನ್ನೋದು ಆ 20 ವರ್ಷಕ್ಕೆ ಮಾತ್ರ ಸರಿ. 1996ರಲ್ಲಿ ದೇವೇಗೌಡರ ಅಲೆಯಲ್ಲಿ ಜನತಾ ದಳ ಬಂತು. ಎರಡೇ ವರ್ಷಕ್ಕೆ ದಳ ಒಡೆದು, ರಾಮಕೃಷ್ಣ ಹೆಗಡೆಯವರ ಲೋಕಶಕ್ತಿ ಬಿಜೆಪಿ ಜೊತೆ ಕೈಜೋಡಿಸಿತು. ಕಾಂಗ್ರೆಸ್ಸನ್ನು ಒಪ್ಪದ ಮತಗಳಿಗೆ ಹೊಸ ಮನೆ ಸಿಕ್ಕಿತು.

ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಬಾಬಾಬುಡನ್‌ಗಿರಿಯ ದತ್ತಪೀಠ ಯಾರದ್ದು ಎಂಬ ವಿವಾದ ಬಿಸಿಯೇರಿದ್ದೂ ಅದೇ ವರ್ಷಗಳಲ್ಲಿ. ಅದೊಂದೇ ಕಾರಣ ಎನ್ನುವವರಿದ್ದಾರೆ, ಅದು ಏನೂ ಅಲ್ಲ ಎನ್ನುವವರೂ ಇದ್ದಾರೆ. ನನ್ನ ಪ್ರಕಾರ ದಳದ ಮತ ಹರಿದು ಬಂದದ್ದು ಗೆಲುವು ಕೊಟ್ಟಿತು, ಪೀಠದ ವಿವಾದ ಆ ಗೆಲುವು ಜಾರದಂತೆ ಹಿಡಿಯಿತು. 1999ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ 18 ಸೀಟು ಗೆದ್ದರೂ ಚಿಕ್ಕಮಗಳೂರು ಬಿಜೆಪಿ ಬಳಿಯೇ ಉಳಿಯಿತು.

ಉಡುಪಿ ಕಡೆ ಬೇರು ಇನ್ನೂ ಹಳೆಯದು. 1968ರಲ್ಲೇ ಉಡುಪಿ ಪುರಸಭೆ ಜನಸಂಘದ ಕೈಗೆ ಬಂದು ವಿ.ಎಸ್. ಆಚಾರ್ಯ ಅಧ್ಯಕ್ಷರಾಗಿದ್ದರು.

ಹಾಗಾದ್ರೆ 2012ರಲ್ಲಿ ಕಾಂಗ್ರೆಸ್ ಹೇಗೆ ಗೆದ್ದಿತು?

ಸದಾನಂದ ಗೌಡರು 2011ರಲ್ಲಿ ಮುಖ್ಯಮಂತ್ರಿಯಾಗಿ ಲೋಕಸಭೆಗೆ ರಾಜೀನಾಮೆ ಕೊಟ್ಟರು. 2012ರ ಮಾರ್ಚ್‌ನಲ್ಲಿ ಉಪಚುನಾವಣೆ. ಬಿಜೆಪಿಯಿಂದ ಕಾರ್ಕಳದ ವಿ. ಸುನಿಲ್ ಕುಮಾರ್, ಕಾಂಗ್ರೆಸ್ಸಿನಿಂದ ಜಯಪ್ರಕಾಶ್ ಹೆಗ್ಡೆ. ಆ ದಿನಗಳಲ್ಲಿ ಬಿಜೆಪಿ ಒಳಗೇ ಯಡಿಯೂರಪ್ಪ ಬಣದ ಜಗಳ ಜೋರು. ಮುಖ್ಯಮಂತ್ರಿ ಬಿಟ್ಟುಬಂದ ಸೀಟನ್ನೇ ಪಕ್ಷ 45,724 ಮತಗಳಿಂದ ಕಳೆದುಕೊಂಡಿತು. ಹೆಗ್ಡೆಯವರಿಗೆ ಪಕ್ಷದಾಚೆಗೂ ಒಳ್ಳೆ ಹೆಸರಿತ್ತು. 2009ರಲ್ಲೂ ಅವರು 27,018 ಮತಗಳಿಂದಷ್ಟೇ ಸೋತಿದ್ದರು.

ಈಗ ಲಕ್ಷಗಟ್ಟಲೆ ಅಂತರ ಬರ್ತಿದೆಯಲ್ಲ, ಲೆಕ್ಕ ಕೊಡಿ.

2014ರಲ್ಲಿ 1,81,643. 2019ರಲ್ಲಿ 3,49,599. 2024ರಲ್ಲಿ 2,59,175. ಮೂರೂ ಬಿಜೆಪಿಯದೇ. 2014 ಮತ್ತು 2024ರಲ್ಲಿ ಎದುರು ನಿಂತದ್ದು ಜಯಪ್ರಕಾಶ್ ಹೆಗ್ಡೆ. ನಡುವೆ ಅವರು ಬಿಜೆಪಿಗೆ ಹೋಗಿ, ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ, ತಿರುಗಿ ಕಾಂಗ್ರೆಸ್ಸಿಗೆ ಬಂದಿದ್ದರು. 2019ರದ್ದು ಇನ್ನೂ ವಿಚಿತ್ರ. ಮೈತ್ರಿಯಲ್ಲಿ ಸೀಟು ಜೆಡಿಎಸ್‌ಗೆ ಹೋಯಿತು, ಅದಕ್ಕೆ ಅಭ್ಯರ್ಥಿ ಕಾಂಗ್ರೆಸ್ಸಿನ ಪ್ರಮೋದ್ ಮಧ್ವರಾಜ್. ಉಡುಪಿಯಲ್ಲಿ ಕೈಗೆ ಒತ್ತಿ ರೂಢಿಯಾದವರು ಮೆಷಿನ್ ಮುಂದೆ ನಿಂತು ಜೆಡಿಎಸ್ ಗುರುತಾದ ತೆನೆ ಹೊತ್ತ ಮಹಿಳೆಯನ್ನು ಹುಡುಕಬೇಕಾಯಿತು. ಅಂತರ ಅಷ್ಟು ಹಿಗ್ಗಿದ್ದರಲ್ಲಿ ಇದರ ಪಾಲೂ ಇದೆ.

## ಒಳಗಿನ ಲೆಕ್ಕ

ಚಿಕ್ಕಮಗಳೂರು ಜಿಲ್ಲೆಯಲ್ಲಿ ಐದಕ್ಕೈದು ಕಾಂಗ್ರೆಸ್ ಎಂಎಲ್‌ಎ. ಆದ್ರೂ ಎಂಪಿ ಬಿಜೆಪಿ. ಒಂದೇ ವರ್ಷದಲ್ಲಿ ಜನ ಬದಲಾದ್ರಾ?

ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಒಳ್ಳೆಯದು. 2023ರ ವಿಧಾನಸಭೆಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಐದೂ ಕಾಂಗ್ರೆಸ್, ಉಡುಪಿ ಜಿಲ್ಲೆಯ ಐದೂ ಬಿಜೆಪಿ. ನಮ್ಮ ಲೋಕಸಭಾ ಕ್ಷೇತ್ರದ ಮಟ್ಟಿಗೆ ನಾಲ್ಕು, ನಾಲ್ಕು. ಕಾರ್ಕಳದಿಂದ ಬಜಗೋಳಿ, ಮಾಳದ ಮೇಲೆ ಘಟ್ಟ ಹತ್ತಿ ಶೃಂಗೇರಿ ಕಡೆ ಹೊರಟರೆ ಎಸ್.ಕೆ. ಬಾರ್ಡರ್ ಅನ್ನೋ ಜಾಗ ಸಿಗುತ್ತದೆ. ಸೌತ್ ಕೆನರಾ ಜಿಲ್ಲೆ ಹೋಗಿ ಎಷ್ಟೋ ಕಾಲವಾದರೂ ಹೆಸರು ಹಾಗೇ ಇದೆ. 2023ರ ಫಲಿತಾಂಶದಲ್ಲಿ ಬಣ್ಣ ಬದಲಾದದ್ದು ಸರಿಯಾಗಿ ಆ ಗೆರೆಯಲ್ಲೇ.

ಆದರೆ ಸೀಟಿನ ಸಂಖ್ಯೆ ನೋಡಿದರೆ ಮೋಸ ಹೋಗುತ್ತೀರಿ. ಘಟ್ಟದ ಮೇಲಿನ ಗೆಲುವುಗಳಲ್ಲಿ ಕೆಲವು ಕೂದಲೆಳೆಯವು. ಶೃಂಗೇರಿಯಲ್ಲಿ ಆಗ ಘೋಷಿಸಿದ ಅಂತರ ಬರೀ 201. ಚಿಕ್ಕಮಗಳೂರಿನಲ್ಲಿ ಸಿ.ಟಿ. ರವಿ ಸೋತದ್ದು ಸುಮಾರು 6 ಸಾವಿರದಿಂದ. ಇಂಥಲ್ಲಿ ಒಂದಿಷ್ಟು ಜನ ಎಂಎಲ್‌ಎಗೆ ಒಂದು, ಎಂಪಿಗೆ ಒಂದು ಅಂತ ಹಾಕಿದರೆ ಸಾಕು. ನಮ್ಮ ಮನೆಯಲ್ಲೇ ಹಾಗೆ ಹಾಕಿದವರು ಇಬ್ಬರಿದ್ದಾರೆ, ಯಾರು ಅಂತ ಇಬ್ಬರೂ ಹೇಳುವುದಿಲ್ಲ. ಎಂಎಲ್‌ಎ ಅಂದರೆ ರಸ್ತೆ, ಕರೆಂಟು, ತಾಲೂಕು ಆಫೀಸು. ಎಂಪಿ ಅಂದರೆ ದಿಲ್ಲಿಯಲ್ಲಿ ಯಾರು ಪ್ರಧಾನಿ ಆಗಬೇಕು ಅನ್ನೋದು. ಜನ ಬದಲಾಗಲಿಲ್ಲ, ಕೇಳಿದ ಪ್ರಶ್ನೆ ಬೇರೆ ಆಗಿತ್ತು.

ಯಾವಾಗಲೂ ಹೊರಗಿನವರಿಗೇ ಟಿಕೆಟ್ ಕೊಡ್ತಾರೆ ಅಂತ ಗೊಣಗ್ತಾರಲ್ಲ, ಅದು ನಿಜಾನಾ?

ಅರ್ಧ ನಿಜ. ಇಂದಿರಾ ಹೊರಗಿನವರು. ಸದಾನಂದ ಗೌಡರು ಸುಳ್ಯದ ಕಡೆಯವರು, ಶೋಭಾ ಪುತ್ತೂರಿನ ಕಡೆಯವರು. 2024ಕ್ಕೆ ಮೊದಲು ಬಿಜೆಪಿ ಕಾರ್ಯಕರ್ತರಲ್ಲೇ ಕೆಲವರು 'ಗೋ ಬ್ಯಾಕ್' ಅಂದರು, ಪಕ್ಷ ಶೋಭಾ ಅವರನ್ನು ಬೆಂಗಳೂರು ಉತ್ತರಕ್ಕೆ ಕಳಿಸಿತು. ಅವರು ಅಲ್ಲೂ ಗೆದ್ದರು. ಬದಲಿಗೆ ಬಂದ ಕೋಟ ಶ್ರೀನಿವಾಸ ಪೂಜಾರಿ ಉಡುಪಿ ಜಿಲ್ಲೆಯವರೇ. ಹಾಗಂತ ತರೀಕೆರೆಯವರನ್ನು ಕೇಳಿ ನೋಡಿ. ತುಳು, ಕುಂದಗನ್ನಡ ಆಡುವವರೆಲ್ಲ ಅವರಿಗೆ ಹೊರಗಿನವರೇ. 2009ರ ನಂತರ ಘಟ್ಟದ ಮೇಲಿನವರು ಒಬ್ಬರೂ ಇಲ್ಲಿಂದ ಲೋಕಸಭೆಗೆ ಹೋಗಿಲ್ಲ. ನನ್ನನ್ನು ಕೇಳಿದರೆ ದೂರು ಇರಬೇಕಾದ್ದು ಇದರ ಬಗ್ಗೆ.

ಅಡಿಕೆಯ ಎಲೆಚುಕ್ಕಿ ರೋಗ, ಆನೆ ಹಾವಳಿ, ಪಶ್ಚಿಮ ಘಟ್ಟ ಸಂರಕ್ಷಣೆಯ ಕಸ್ತೂರಿರಂಗನ್ ವರದಿ, ಮೀನುಗಾರರ ಕಷ್ಟ. ಇದೆಲ್ಲ ಮತದಲ್ಲಿ ಕಾಣುತ್ತಾ?

ಬಾಯಲ್ಲಿ ಕಾಣುವಷ್ಟು ಮತದಲ್ಲಿ ಕಾಣುವುದಿಲ್ಲ. 2019 ತಗೊಳ್ಳಿ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರ ಸಮೇತ ನಾಪತ್ತೆಯಾಗಿತ್ತು. ಏಪ್ರಿಲ್ 18ಕ್ಕೆ ಮತದಾನ ಆದಾಗಲೂ ಅವರ ಸುಳಿವಿರಲಿಲ್ಲ. ಮಹಾರಾಷ್ಟ್ರದ ಮಾಲ್ವಣ್ ಬಳಿ ಸಮುದ್ರದ ತಳದಲ್ಲಿ ನೌಕಾಪಡೆಗೆ ಬೋಟಿನ ಅವಶೇಷ ಸಿಕ್ಕಿದ್ದು ಮೇ ತಿಂಗಳಲ್ಲಿ. ಎದುರು ಪಕ್ಷದ ಪ್ರಮೋದ್ ಮಧ್ವರಾಜ್ ಮೊಗವೀರ ಸಮುದಾಯದವರು, ಮೀನುಗಾರಿಕೆ ಸಚಿವರಾಗಿದ್ದವರು. ಇಷ್ಟೆಲ್ಲ ಇದ್ದೂ ಕ್ಷೇತ್ರದ ಈವರೆಗಿನ ಅತಿ ದೊಡ್ಡ ಅಂತರ ಬಂದದ್ದು ಆ ಚುನಾವಣೆಯಲ್ಲೇ.

ಘಟ್ಟದ ಮೇಲೂ ಅಷ್ಟೇ. ಕಸ್ತೂರಿರಂಗನ್ ವರದಿ ವಿರುದ್ಧ, ರಸ್ತೆ-ಸೇತುವೆಗಾಗಿ 'ಮತದಾನ ಬಹಿಷ್ಕಾರ' ಅಂತ ಬೋರ್ಡು ಬೀಳುತ್ತದೆ. ತಹಸೀಲ್ದಾರರು ಬಂದು ಮಾತಾಡುತ್ತಾರೆ. ಮತದಾನದ ದಿನ ಅದೇ ಬೋರ್ಡಿನ ಪಕ್ಕದಲ್ಲೇ ಸಾಲು ನಿಲ್ಲುತ್ತದೆ. ಒಟ್ಟು ಮತದಾನ 100ಕ್ಕೆ 75 ದಾಟುತ್ತದೆ.

ನಕ್ಸಲ್ ಪ್ರದೇಶದ ಬೂತ್ ಅಂದ್ರೆ ಹೇಗಿರ್ತಿತ್ತು?

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಕ್ಕಲೆಬ್ಬಿಸುವಿಕೆಯ ವಿರುದ್ಧದ ಸಿಟ್ಟಿನ ನಡುವೆ ನಕ್ಸಲ್ ಚಟುವಟಿಕೆ ಬೆಳೆದಿತ್ತು. 2005ರ ಫೆಬ್ರವರಿಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಗುಂಡಿಗೆ ಬಲಿಯಾದದ್ದು ನಮ್ಮ ಕಾಡಿನಲ್ಲೇ. ಆ ವರ್ಷಗಳಲ್ಲಿ ಇಪ್ಪತ್ತು ಮನೆಯ ಊರಿನ ಶಾಲೆಗೂ ಬಂದೂಕು ಹಿಡಿದವರು ಬಂದು ಕೂರುತ್ತಿದ್ದರು. ಒಂದು ಸಲ ಹಿಂದಿನ ರಾತ್ರಿ ಬಂದ ಜವಾನನೊಬ್ಬ ಕಾಲಿಗೆ ಹತ್ತಿದ ಇಂಬಳ ನೋಡಿ ಹೌಹಾರಿ ಶಾಲೆಯ ಬೆಂಚು ಹತ್ತಿ ನಿಂತಿದ್ದ. ಪಕ್ಕದ ಮನೆಯ ಅಮ್ಮ ಸುಣ್ಣ, ಹೊಗೆಸೊಪ್ಪು ತಂದು ಕೊಟ್ಟರು. 2024ರ ನವೆಂಬರ್‌ನಲ್ಲಿ ಹೆಬ್ರಿ ಬಳಿಯ ಪೀತಬೈಲಿನಲ್ಲಿ ಇನ್ನೊಬ್ಬ ನಕ್ಸಲ್ ನಾಯಕ ವಿಕ್ರಂ ಗೌಡ ಹತನಾದ. 2025ರ ಜನವರಿಯಲ್ಲಿ ಆರು ಮಂದಿ ಶರಣಾದರು. ಆ ಕಾಲ ಮುಗಿದಂತೆಯೇ.

ಹಳೇ ಫಲಿತಾಂಶ ಹುಡುಕಿದೆ. 1977ರ ಪಟ್ಟಿಯಲ್ಲಿ ಇಂದಿರಾ ಹೆಸರೇ ಇಲ್ಲವಲ್ಲ? ನಮ್ಮ ಬೂತಿನ ಲೆಕ್ಕ ಎಲ್ಲಿ ಸಿಗುತ್ತೆ?

ಚುನಾವಣಾ ಆಯೋಗದ ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಆ ಚುನಾವಣೆಯ ಫಲಿತಾಂಶ ಮಾತ್ರ ಇರುತ್ತದೆ. ಉಪಚುನಾವಣೆಗಳ ಲೆಕ್ಕ ಬೇರೆ ಕಡೆ. ಹಾಗಾಗಿ 1977ಕ್ಕೆ ಚಂದ್ರೇಗೌಡರ ಹೆಸರೇ ಕಾಣುತ್ತದೆ. 2009ರ ವರದಿ ನೋಡಿದರೆ 2012ರಲ್ಲಿ ಗೆದ್ದ ಹೆಗ್ಡೆಯವರು ಸೋತವರ ಸಾಲಿನಲ್ಲೇ ಇರುತ್ತಾರೆ. ನಮ್ಮ ಕ್ಷೇತ್ರದ ಎರಡು ದೊಡ್ಡ ತಿರುವುಗಳೂ ಉಪಚುನಾವಣೆಯಲ್ಲೇ ಬಂದಿವೆ, ಮುಖ್ಯ ಪಟ್ಟಿ ಮಾತ್ರ ನೋಡಿದವರಿಗೆ ಎರಡೂ ತಪ್ಪಿಹೋಗುತ್ತವೆ.

ಬೂತುವಾರು ಲೆಕ್ಕಕ್ಕೆ ನಮೂನೆ 20 ನೋಡಬೇಕು. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಇತ್ತೀಚಿನ ಚುನಾವಣೆಗಳದ್ದು ಸಿಗುತ್ತದೆ. ಮೊದಲು ನಿಮ್ಮ ಬೂತಿನ ಸಂಖ್ಯೆ ಸರಿಯಾಗಿ ಗೊತ್ತು ಮಾಡಿಕೊಳ್ಳಿ, ಪ್ರತಿ ಚುನಾವಣೆಗೂ ಸಂಖ್ಯೆ ಹಿಂದೆ ಮುಂದೆ ಆಗುತ್ತಿರುತ್ತದೆ. ನಾನು ಒಮ್ಮೆ ಪಕ್ಕದೂರಿನ ಲೆಕ್ಕವನ್ನು ನಮ್ಮೂರಿನದ್ದು ಅಂದುಕೊಂಡು ಹೋಟೆಲಿನಲ್ಲಿ ಅರ್ಧ ಗಂಟೆ ವಾದ ಮಾಡಿ ಬಂದಿದ್ದೆ.